ದೊಡ್ಡ ಹಾಲಿಬಟ್ಟನ್ನು ಕಯಾಕಿನಿಂದ ಹಿಡಿದು ದಡ ಸೇರಿಸುವುದು ಹೇಗೆ?

ಪ್ರಶ್ನೆ: ಅಲಾಸ್ಕಾದ ಹೋಮರ್ ಬಳಿಯ ಕಚೆಮಾಕ್ ಕೊಲ್ಲಿಯಲ್ಲಿ ಕಯಾಕಿನಲ್ಲಿ, ಅಂದರೆ ಹುಟ್ಟು ಹಾಕುವ ಕಿರಿದಾದ ಪುಟ್ಟ ದೋಣಿಯಲ್ಲಿ, ಕೂತು ಗಾಳ ಹಾಕುತ್ತೇನೆ. ಮೇಲೆ ಕೂರುವ ಮಾದರಿಯ ಕಯಾಕ್, ಅಗಲ 75 ಸೆಂ.ಮೀ. ಎಂಟು–ಹತ್ತು ಕಿಲೋದ ಹಾಲಿಬಟ್ ಮೀನುಗಳನ್ನು ಕೈಕೊಕ್ಕೆಯಲ್ಲಿ ಎಳೆದು ಕಾಲಿನ ಮಧ್ಯೆ ಹಾಕಿಕೊಂಡು ಅಭ್ಯಾಸವಿದೆ. ಈ ಸಲ ನಾಲ್ಕೂವರೆ ಅಡಿಯದೊಂದು ಪಕ್ಕಕ್ಕೆ ಬಂತು. ಕೊಕ್ಕೆ ಹಾಕಿದ್ದೇ ತಡ, ಒದ್ದು ಕೊಕ್ಕೆಯನ್ನೂ ಕಿತ್ತುಕೊಂಡು ಹೋಯಿತು. ಕಯಾಕ್ ಮಗುಚದೆ ಉಳಿದದ್ದೇ ಹೆಚ್ಚು. ಮನೆಯಲ್ಲಿ ಡ್ರಿಲ್, ಗ್ರೈಂಡರ್, ವೈಸ್ ಇವೆ. ಈಟಿಯನ್ನು ನಾನೇ ಮಾಡಿಕೊಳ್ಳಬಹುದೇ? ಅಂಥ ಮೀನನ್ನು ದಡ ಮುಟ್ಟಿಸುವುದು ಹೇಗೆ?

ಉತ್ತರ: ಮಾಡಿಕೊಳ್ಳಬಹುದು. ಹೊರಡುವ ಮೊದಲು ಎದುರಿಗಿರುವುದು ಎಷ್ಟು ತೂಕದ ಮೀನು ಎಂಬುದು ತಲೆಯಲ್ಲಿರಲಿ. ಹಾಲಿಬಟ್ ಉದ್ದದಲ್ಲಿ ಸ್ವಲ್ಪ ಬೆಳೆದರೆ ತೂಕದಲ್ಲಿ ವಿಪರೀತ ಬೆಳೆಯುತ್ತದೆ. 100 ಸೆಂ.ಮೀ. ಮೀನು ಸುಮಾರು 12–13 ಕಿಲೋ. 120 ಸೆಂ.ಮೀ. ಆದರೆ 23 ಕಿಲೋದ ಹತ್ತಿರ, 150ಕ್ಕೆ 47, 180ಕ್ಕೆ 85. ನಿಮ್ಮ ನಾಲ್ಕೂವರೆ ಅಡಿಯದು 35 ಕಿಲೋ ಆಸುಪಾಸಿನದು. ನೀವು ಇದುವರೆಗೆ ಹಿಡಿದದ್ದಕ್ಕಿಂತ ನಾಲ್ಕು ಪಟ್ಟು ಭಾರದ ಮೀನನ್ನು ಅದೇ ಕೈಕೊಕ್ಕೆಯಿಂದ ಹಿಡಿಯಲು ಹೋದಿರಿ.

ಕೊಕ್ಕೆ ಇನ್ನೂ ದೊಡ್ಡದಿದ್ದರೆ ಫಲ ಇನ್ನೂ ಕೆಟ್ಟದಾಗುತ್ತಿತ್ತು. ಕೊಕ್ಕೆ ಹಾಕಿದ ಕ್ಷಣದಲ್ಲಿ ಮೀನು ನಿಮ್ಮ ಭುಜಕ್ಕೆ ಕಟ್ಟಿದಂತೆ. ಅದು ಕೆಳಕ್ಕೆ ಹೋದರೆ ಭುಜ ಕೆಳಕ್ಕೆ, ಭುಜದ ಹಿಂದೆ ಕಯಾಕಿನ ಅಂಚು. ದೋಣಿಯಲ್ಲಿ ನಿಂತವರು ಕಾಲೂರಿ ತಡೆಯುತ್ತಾರೆ. ಕಯಾಕಿನಲ್ಲಿ ಕೂತವರಿಗೆ ಕಾಲೂರಲು ಜಾಗವೇ ಇಲ್ಲ. ಹಾಗಾಗಿ ಇಡೀ ವ್ಯವಸ್ಥೆ ಒಂದೇ ತತ್ವದ ಮೇಲೆ ನಿಲ್ಲಬೇಕು: ದೊಡ್ಡ ಮೀನು ತೇಲುಬುರುಡೆಗೆ ಕಟ್ಟಿರಬೇಕು; ನಿಮಗಾಗಲಿ ಕಯಾಕಿನ ಪಕ್ಕಕ್ಕಾಗಲಿ ಕಟ್ಟಿರಬಾರದು. ಜೀವ ಹೋಗುವವರೆಗೆ ಅದು ನೀರಿನಲ್ಲೇ ಇರಬೇಕು.

ಈ ಮೀನಿಗೆ ಮೈಯೊಳಗೆ ತೇಲಿಸುವ ಗಾಳಿಚೀಲ ಇಲ್ಲ ಎಂಬುದನ್ನೂ ನೆನಪಿಡಿ. ನಮ್ಮ ನಂಗು ಮೀನಿನ ಹಾಗೆ ಇದೂ ತಳದಲ್ಲಿ ಚಪ್ಪಟೆಯಾಗಿ ಮಲಗುವ ಜಾತಿ. ರಾಕ್‌ಫಿಶ್ ಎಂಬ ಮೀನಾದರೆ ಆಳದಿಂದ ಮೇಲೆ ತರುವಷ್ಟರಲ್ಲಿ ಗಾಳಿಚೀಲ ಉಬ್ಬಿ ನಿಸ್ಸಹಾಯಕವಾಗುತ್ತದೆ. ಹಾಲಿಬಟ್‌ಗೆ ಆ ತೊಂದರೆಯೇ ಇಲ್ಲ. 50 ಮೀಟರ್ ಆಳದಿಂದ ಬಂದರೂ ಮೇಲ್ಮೈಯಲ್ಲಿ ಅದರ ಶಕ್ತಿ ಹಾಗೇ ಇರುತ್ತದೆ. ಸತ್ತ ಮೇಲೆ ತೇಲುವುದೂ ಇಲ್ಲ, ಮುಳುಗುತ್ತದೆ.

ಈಟಿಯ ತಲೆ

ಕಳಚಿಕೊಳ್ಳುವ ತಲೆಯ ಈಟಿ ಬೇಕು. ಕೋಲಿನಿಂದ ಚುಚ್ಚಿದ ಮೇಲೆ ತಲೆ ಮೀನಿನ ಆಚೆ ಬದಿಗೆ ದಾಟಿ, ದಾರ ಬಿಗಿಯಾದಾಗ ಅಡ್ಡಕ್ಕೆ ತಿರುಗಿ ಅಂಗಿಯ ಗುಂಡಿಯ ಹಾಗೆ ಕೂರಬೇಕು. ಕೋಲು ನಿಮ್ಮ ಕೈಗೆ ವಾಪಸ್ ಬರಬೇಕು.

ತಲೆಗೆ 16 ಮಿ.ಮೀ. ದಪ್ಪದ, 80 ಮಿ.ಮೀ. ಉದ್ದದ ಸ್ಟೇನ್‌ಲೆಸ್ ಸ್ಟೀಲ್ ಸರಳು ತೆಗೆದುಕೊಳ್ಳಿ. ಉಪ್ಪುನೀರಿಗೆ 316 ದರ್ಜೆ ಒಳ್ಳೆಯದು. ಕೆಲಸದ ಕ್ರಮ ಮುಖ್ಯ. ಮೊದಲು ಹಿಂಬದಿಯ ಮಧ್ಯದಿಂದ ಉದ್ದಕ್ಕೆ 8 ಮಿ.ಮೀ. ರಂಧ್ರ, 30 ಮಿ.ಮೀ. ಆಳಕ್ಕೆ. ಇದು ಕೋಲಿನ ಮೊನೆ ಕೂರುವ ಗೂಡು. ಆಮೇಲೆ ಹಿಂಬದಿಯಿಂದ 42 ಮಿ.ಮೀ. ದೂರದಲ್ಲಿ, ಆರ್‌ಪಾರ್ ಆಗುವಂತೆ 6 ಮಿ.ಮೀ. ಅಡ್ಡರಂಧ್ರ. ಇದು ತಲೆಯನ್ನು ದಾರಕ್ಕೆ ಜೋಡಿಸುವ ತಂತಿಗೆ. ಎರಡು ರಂಧ್ರಗಳು ಒಳಗೆ ಒಂದಕ್ಕೊಂದು ತಾಗಬಾರದು. ಈ ಅಳತೆಯಲ್ಲಿ ನಡುವೆ 9 ಮಿ.ಮೀ. ಗಟ್ಟಿ ಲೋಹ ಉಳಿಯುತ್ತದೆ. ಆಮೇಲೆ ಹಿಂಬದಿಯನ್ನು 45 ಡಿಗ್ರಿ ಇಳಿಜಾರಾಗಿ ಕತ್ತರಿಸಿ. ಮೊದಲೇ ಕತ್ತರಿಸಿಬಿಟ್ಟರೆ ಡ್ರಿಲ್ಲಿನ ಮೊನೆ ಇಳಿಜಾರಿನ ಮೇಲೆ ಜಾರಿ ಗೂಡು ಸೊಟ್ಟಗಾಗುತ್ತದೆ.

ಇಳಿಜಾರು ಯಾವ ಕಡೆಗೆ? ಮನೆಯಲ್ಲಿ ಮಾಡಿದ ಈಟಿಗಳು ಹೆಚ್ಚಾಗಿ ಕೆಡುವುದು ಇಲ್ಲಿಯೇ. ಇಳಿಜಾರು ಕತ್ತರಿಸಿದಾಗ ಒಂದು ಕಡೆ ಉದ್ದವಾದ ತುಟಿ ಉಳಿಯುತ್ತದೆ. ದಾರ ಎಳೆದಾಗ ಮಾಂಸವನ್ನು ಕಚ್ಚಿ ತಲೆಯನ್ನು ಅಡ್ಡಕ್ಕೆ ತಿರುಗಿಸುವುದು ಈ ತುಟಿ. ತಲೆ ತಿರುಗುವುದು ಅಡ್ಡರಂಧ್ರವನ್ನೇ ಅಚ್ಚು ಮಾಡಿಕೊಂಡು. ಆದ್ದರಿಂದ ತುಟಿ ಅಡ್ಡರಂಧ್ರ ಬಾಯಿ ತೆರೆದಿರುವ ಪಕ್ಕದಲ್ಲಿ ಇರಬಾರದು. ಅಲ್ಲಿಂದ ಕಾಲು ಸುತ್ತು ತಿರುಗಿಸಿದರೆ ಸಿಗುವ ಪಕ್ಕದಲ್ಲಿ ಇರಬೇಕು. ತಪ್ಪು ಪಕ್ಕದಲ್ಲಿದ್ದರೆ ತಂತಿಯ ಕಾಲೇ ತುಟಿಗೆ ಅಡ್ಡ ಬಂದು, ತಲೆ ತಿರುಗದೆ ಬಂದ ದಾರಿಯಲ್ಲೇ ನೇರವಾಗಿ ಹೊರಗೆ ಬರುತ್ತದೆ. ಕತ್ತರಿಸುವ ಮೊದಲು ಮಾರ್ಕರ್‌ನಿಂದ ಗುರುತು ಹಾಕಿಕೊಳ್ಳಿ.

ಮುಂಭಾಗವನ್ನು 30 ಮಿ.ಮೀ. ಉದ್ದಕ್ಕೆ ಮೂರು ಮುಖದ ಮೊನೆಯಾಗಿ ಗ್ರೈಂಡ್ ಮಾಡಿ. ಸೂಜಿಯ ಹಾಗೆ ಗುಂಡಗಿನ ಮೊನೆ ಚರ್ಮವನ್ನು ಒತ್ತುತ್ತದೆಯೇ ಹೊರತು ಕೊಯ್ಯುವುದಿಲ್ಲ. ಮೂರು ಅಂಚುಗಳು ಕೊಯ್ಯುತ್ತವೆ. ಗ್ರೈಂಡ್ ಮಾಡುವಾಗ ಆಗಾಗ ನೀರಿನಲ್ಲಿ ಅದ್ದಿ. ಕೊನೆಗೆ ಅಡ್ಡರಂಧ್ರದ ಎರಡೂ ಬಾಯಿಗಳ ಚೂಪು ಅಂಚನ್ನು ದಪ್ಪ ಡ್ರಿಲ್ ಮೊನೆಯಿಂದ ತಿರುಗಿಸಿ ಸವೆಸಿ, ಮರಳುಕಾಗದ ಸುತ್ತಿ ಉಜ್ಜಿ. ಹಾಗೇ ಬಿಟ್ಟರೆ ಆ ಅಂಚು ಒಂದೇ ಮೀನಿಗೆ ತಂತಿಯ ಎಳೆಗಳನ್ನು ಕಡಿಯುತ್ತದೆ.

ತಂತಿ 3 ಮಿ.ಮೀ. ದಪ್ಪದ, ಬಳುಕುವ ಸ್ಟೇನ್‌ಲೆಸ್ ಹಗ್ಗ. ಅಡ್ಡರಂಧ್ರದಲ್ಲಿ ತೂರಿಸಿ, ಎರಡೂ ಕಾಲುಗಳನ್ನು ಹಿಂದಕ್ಕೆ ತಂದು ಒಟ್ಟಾಗಿ ಒತ್ತುಬಳೆ (ಅದುಮಿ ಬಿಗಿಸುವ ಲೋಹದ ಬಳೆ) ಹಾಕಿ ಬಿಗಿಯಿರಿ. ತಲೆಯಿಂದ ಒಂದು ಗೇಣು ಹಿಂದೆ ಒಂದು ಜೋಡಿ ಬಳೆ, ತುದಿಯಲ್ಲಿ ಕುಣಿಕೆಯಂತೆ ಮಾಡಿದ ಕಣ್ಣಿನ ಬಳಿ ಇನ್ನೊಂದು ಜೋಡಿ. ಒಟ್ಟು ಉದ್ದ 60 ಸೆಂ.ಮೀ. ಬಳೆಗಳು ತಾಮ್ರದವಾಗಿರಲಿ. ಅಲ್ಯೂಮಿನಿಯಂ ಬಳೆ ಸ್ಟೇನ್‌ಲೆಸ್ ತಂತಿಯ ಜೊತೆ ಉಪ್ಪುನೀರಿನಲ್ಲಿ ಬಿಳಿ ಪುಡಿಯಾಗಿ ಸವೆಯುತ್ತದೆ, ಅದೂ ಒಳಗಿನಿಂದ. ಹೊರಗೆ ಚೆನ್ನಾಗಿಯೇ ಕಾಣುತ್ತಿರುತ್ತದೆ.

ಕೋಲು

ಕೂತು ಬಳಸುವುದರಿಂದ 1.2ರಿಂದ 1.4 ಮೀಟರ್ ಸಾಕು. ಎರಡು ಮೀಟರಿನ ಕೋಲು ಅಂಗಡಿಯಲ್ಲಿ ಭರ್ಜರಿಯಾಗಿ ಕಾಣುತ್ತದೆ. ಕಯಾಕಿನಲ್ಲಿ ಅದರ ಹಿಂತುದಿ ಗಾಳದ ಕೋಲಿಗೆ ತಗುಲುತ್ತದೆ. 30 ಮಿ.ಮೀ. ದಪ್ಪದ, ನೇರ ಎಳೆಯ ಗಟ್ಟಿ ಮರ ಒಳ್ಳೆಯದು, ಬಿದ್ದರೆ ತೇಲುತ್ತದೆ. ಅಲ್ಯೂಮಿನಿಯಂ ಕೊಳವೆ ಬೇಕೆನಿಸಿದರೆ ಎರಡೂ ತುದಿ ಮುಚ್ಚಿ ಒಳಗೆ ಫೋಮ್ ತುಂಬಿ.

ಕೋಲಿನ ಮುಂದೆ 10 ಮಿ.ಮೀ. ಸ್ಟೇನ್‌ಲೆಸ್ ಸರಳು, ಉದ್ದ 37 ಸೆಂ.ಮೀ. ಅದರಲ್ಲಿ 12 ಸೆಂ.ಮೀ. ಮರದೊಳಗೆ ಎಪಾಕ್ಸಿ ಅಂಟು ಹಾಕಿ ಕೂರಿಸಿ, ಅಡ್ಡಲಾಗಿ 4 ಮಿ.ಮೀ. ಪಿನ್ ಹೊಡೆಯಿರಿ. ಮರದ ಬಾಯಿಯ ಸುತ್ತ 5 ಸೆಂ.ಮೀ. ಉದ್ದಕ್ಕೆ ಗಟ್ಟಿ ದಾರವನ್ನು ಎಪಾಕ್ಸಿಯಲ್ಲಿ ಅದ್ದಿ ಒತ್ತೊತ್ತಾಗಿ ಸುತ್ತದಿದ್ದರೆ ಮರ ಸೀಳುತ್ತದೆ. ಹೊರಗೆ ಉಳಿಯುವುದು 25 ಸೆಂ.ಮೀ. ದೊಡ್ಡ ಮೀನಿನ ಮೈ ಹತ್ತು–ಹದಿನೈದು ಸೆಂ.ಮೀ. ದಪ್ಪವಿರುತ್ತದೆ; ತಲೆ ಪೂರ್ತಿ ಆಚೆ ದಾಟಬೇಕಾದರೆ ಇಷ್ಟು ಉದ್ದ ಬೇಕು.

ಸರಳಿನ ಕೊನೆಯ 35 ಮಿ.ಮೀ. ಭಾಗವನ್ನು 7.8 ಮಿ.ಮೀ.ಗೆ ಇಳಿಸಬೇಕು. ಲೇತ್ ಇಲ್ಲದಿದ್ದರೆ, ಮರಕ್ಕೆ ಕೂರಿಸುವ ಮೊದಲೇ ಸರಳನ್ನು ಡ್ರಿಲ್ಲಿನ ಬಾಯಿಗೆ ಸಿಕ್ಕಿಸಿ, ನಿಧಾನ ವೇಗದಲ್ಲಿ ತಿರುಗಿಸುತ್ತ ಅರವನ್ನು ಹಿಡಿಯಿರಿ. ಗೂಡಿನ ಆಳ 30, ಮೊನೆಯ ಉದ್ದ 35. ಈ 5 ಮಿ.ಮೀ. ಬೇಕೆಂದೇ ಇಟ್ಟದ್ದು. ಒತ್ತುವಾಗ ಬಲ ಗೂಡಿನ ತಳಕ್ಕೆ ಬೀಳುತ್ತದೆ, ಇಳಿಜಾರಿನ ತುಟಿ ಸರಳು ಸಣ್ಣದಾಗುವ ಕಡೆಯ ಹೆಗಲಿಗೆ ಸಿಕ್ಕಿಕೊಳ್ಳುವುದಿಲ್ಲ.

ಬಿಗುವು ಹೇಗಿರಬೇಕು? ತಲೆ ಕೆಳಮುಖವಾಗಿ ಹಿಡಿದು ಕೋಲನ್ನು ಅಲುಗಾಡಿಸಿದರೆ ಬೀಳಬಾರದು. ಎರಡು ಬೆರಳಲ್ಲಿ ಎಳೆದರೆ ಬರಬೇಕು. ತೀರಾ ಬಿಗಿಯಾದರೆ ಮೀನು ಒದ್ದಾಗ ಕೋಲೇ ಮೀಟುಗೋಲಾಗಿ ತಲೆಯನ್ನು ಮಾಂಸದಿಂದ ಕೀಳುತ್ತದೆ, ಕೋಲಿನ ಹಿಂತುದಿ ನಿಮ್ಮ ಮುಖದ ಮಟ್ಟದಲ್ಲಿ ಬೀಸುತ್ತದೆ. ಸಡಿಲವಾದರೆ ಚುಚ್ಚುವ ಮೊದಲೇ ನೀರಿಗೆ. ದಾರವನ್ನು ಕೋಲಿನ ಉದ್ದಕ್ಕೂ ತಂದು ಹಿಂಭಾಗದಲ್ಲಿ ಒಂದು ರಬ್ಬರ್ ಬ್ಯಾಂಡಿನಡಿ ಸಿಕ್ಕಿಸಿದರೆ ತಲೆ ತನ್ನ ಜಾಗದಲ್ಲಿ ನಿಲ್ಲುತ್ತದೆ. ಮೀನು ಎಳೆದಾಗ ಬ್ಯಾಂಡು ತಾನೇ ಬಿಡುತ್ತದೆ.

ಬಳಸದಿರುವಾಗ ಮೊನೆಗೆ ಮುಚ್ಚಳ ಇರಲೇಬೇಕು. ಒಂದು ತುದಿ ಮುಚ್ಚಿದ ಪಿವಿಸಿ ಕೊಳವೆಯ ತುಂಡು ಸಾಕು. ಮಗುಚಿದ ಕಯಾಕಿನ ಸುತ್ತ ಬೆತ್ತಲೆ ಈಟಿ ತೇಲುತ್ತಿರುವುದನ್ನು ಊಹಿಸಿಕೊಳ್ಳಿ.

ನೀರಿಗಿಳಿಯುವ ಮೊದಲು ಪರೀಕ್ಷೆ: 5 ಸೆಂ.ಮೀ. ದಪ್ಪದ ಹಲಗೆಯಲ್ಲಿ 20 ಮಿ.ಮೀ. ತೂತು ಕೊರೆದು, ತಲೆಯನ್ನು ಆಚೆ ದಾಟಿಸಿ ಅಡ್ಡ ತಿರುಗಿಸಿ. ಹಲಗೆಯನ್ನು ಎರಡು ಗಟ್ಟಿ ಆಸರೆಗಳ ಮೇಲಿಟ್ಟು, ದಾರಕ್ಕೆ ನಿಮ್ಮ ಪೂರ್ತಿ ಮೈಭಾರ ಹಾಕಿ ಜೋತುಬೀಳಿ, ನಾಲ್ಕಾರು ಸಲ ಜಗ್ಗಿ. ಬಳೆ ಕೂದಲೆಳೆಯಷ್ಟು ಸರಿದರೂ ಕತ್ತರಿಸಿ ಮತ್ತೆ ಹಾಕಿ.

ದಾರ, ಬುರುಡೆ

ತಂತಿಯ ಕಣ್ಣಿನಿಂದ ಮುಂದೆ 8 ಮಿ.ಮೀ. ಹಗ್ಗ, 5 ಮೀಟರ್. ಸಣ್ಣ ದಾರವೂ ತಡೆಯುತ್ತದೆ, ಆದರೆ ಒದ್ದೆ ಕೈಯಲ್ಲಿ ಎಳೆಯಲಾಗದು, ಅಂಗೈ ಕೊಯ್ಯುತ್ತದೆ. ನೀರಿನ ಮೇಲೆ ತೇಲುವ ಪಾಲಿಪ್ರಾಪಿಲೀನ್ ಹಗ್ಗವಾದರೆ ಹುಡುಕಿ ಹಿಡಿಯಲು ಸುಲಭ. ಹಗ್ಗದ ತುದಿಗೆ ತಿರುಗುಕೊಂಡಿ, ಅದಕ್ಕೆ ಬುರುಡೆ.

ಬುರುಡೆಯ ಅಳತೆಗೆ ಸರಳ ಲೆಕ್ಕವಿದೆ: ಒಂದು ಲೀಟರ್ ಗಾಳಿ ಹೆಚ್ಚುಕಡಿಮೆ ಒಂದು ಕಿಲೋ ಎತ್ತುತ್ತದೆ. 20 ಸೆಂ.ಮೀ. ವ್ಯಾಸದ ಗುಂಡು ಬುರುಡೆ ನಾಲ್ಕು ಲೀಟರ್ ಚಿಲ್ಲರೆ, 25 ಸೆಂ.ಮೀ.ದು ಎಂಟು, 30 ಸೆಂ.ಮೀ.ದು ಹದಿನಾಲ್ಕು. ಸತ್ತ ಮೀನನ್ನು ತೇಲಿಸಲು ನಾಲ್ಕು ಲೀಟರೇ ಸಾಕು, ಏಕೆಂದರೆ ನೀರಿನೊಳಗೆ ಮೀನಿನ ಭಾರ ಬಹಳ ಕಡಿಮೆ. ಬುರುಡೆಯ ನಿಜವಾದ ಕೆಲಸ ಜೀವಂತ ಮೀನನ್ನು ದಣಿಸುವುದು. ಪ್ರತಿ ಸಲ ಕೆಳಗೆ ಹೋಗುವಾಗಲೂ ಅದು ಇಷ್ಟು ಕಿಲೋವನ್ನು ಜೊತೆಗೆ ಎಳೆಯಬೇಕು. ಹಾಗಾಗಿ 30 ಸೆಂ.ಮೀ.ದನ್ನೇ ಆರಿಸಿ. ಅಷ್ಟು ದೊಡ್ಡದಕ್ಕೆ ಜಾಗವಿಲ್ಲದಿದ್ದರೆ 25ರದು ಎರಡನ್ನು ಒಂದರ ಹಿಂದೊಂದು ಕಟ್ಟಿ. ಖಾಲಿ ಹಾಲಿನ ಡಬ್ಬಿ, ಡಿಟರ್ಜೆಂಟ್ ಕ್ಯಾನ್ ಬೇಡ: ಹತ್ತು ಮೀಟರ್ ಆಳಕ್ಕೆ ಹೋದರೆ ಒತ್ತಡ ಇಮ್ಮಡಿಯಾಗಿ ತೆಳು ಪ್ಲಾಸ್ಟಿಕ್ ಮುದುಡುತ್ತದೆ, ಎತ್ತುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ, ಹಿಡಿಕೆ ಮುರಿದರೆ ಎಲ್ಲವೂ ಹೋಯಿತು. ಏಡಿ ಬೋನುಗಳಿಗೆ ಕಟ್ಟುವ ದಪ್ಪ ಬುರುಡೆಯೇ ಸರಿ.

ಬುರುಡೆಯನ್ನು ಸೀಟಿನ ಹಿಂದೆ, ಈಟಿ ಬಳಸುವ ಕೈಯ ಪಕ್ಕದಲ್ಲೇ ಇಡಿ, ಒಂದು ಎಳೆತಕ್ಕೆ ಬಿಡುವ ಕುಣಿಕೆಯಲ್ಲಿ. 5 ಮೀಟರ್ ಹಗ್ಗ ಬಾಯಗಲದ ಸಣ್ಣ ಚೀಲದೊಳಗೆ ಇರಬೇಕು, ಮೊದಲು ಹೊರಡುವ ತುದಿ ಮೇಲೆ. ಸುರುಳಿ ಸುತ್ತಬೇಡಿ, ಹಾಗೇ ತುರುಕಿದ ಹಗ್ಗ ಸಿಕ್ಕಾಗದೆ ಓಡುತ್ತದೆ, ಅಂದವಾಗಿ ಸುತ್ತಿದ ಸುರುಳಿ ಗಂಟಾಗುತ್ತದೆ. ತೊಡೆಯ ಮೇಲೆ, ಕಾಲ ಬಳಿ ಒಂದು ಸುತ್ತು ಹಗ್ಗವೂ ಬಿದ್ದಿರಬಾರದು. ಲೈಫ್ ಜಾಕೆಟ್ಟಿನಲ್ಲಿ, ಎರಡೂ ಕೈಗೆ ಎಟುಕುವ ಕಡೆ ಚಾಕು.

ಗಾಳದ ಕಡೆ ಏನು ಬದಲಾಗಬೇಕು

ಇದನ್ನು ಚುಟುಕಾಗಿ ಹೇಳಬಹುದು. ಹೆಣೆದ ದಾರ 50ರಿಂದ 80 ಪೌಂಡ್ ಎಳೆತ ತಡೆಯುವಂಥದ್ದು. ತುದಿಗೆ 100ರಿಂದ 150 ಪೌಂಡಿನ ದಪ್ಪ ನೈಲಾನ್ ತುಂಡು. ಅದರ ಉದ್ದ ಒಂದರಿಂದ ಒಂದೂವರೆ ಮೀಟರ್ ಮೀರಬಾರದು. ಗಾಳದ ಕೋಲಿಗಿಂತ ಉದ್ದವಾದರೆ ಅದರ ಗಂಟು ಅಥವಾ ಸೀಸದ ಕೊಂಡಿ ಕೋಲಿನ ತುದಿಗೆ ಬಂದು ನಿಲ್ಲುತ್ತದೆ, ಮೀನು ಮಾತ್ರ ಇನ್ನೂ ಕೈಗೆ ಸಿಗದಷ್ಟು ದೂರದಲ್ಲಿ. ಎರೆ ಹಾಕುವವರಾದರೆ 16/0 ಅಳತೆಯ ವೃತ್ತಗಾಳ (ಮೊನೆ ಒಳಕ್ಕೆ ಬಾಗಿದ ಗಾಳ). ಕಚ್ಚಿದಾಗ ಜಗ್ಗಬೇಡಿ, ಭಾರ ತಾನೇ ಬಿದ್ದಾಗ ನಿಧಾನಕ್ಕೆ ಎತ್ತಿ, ಅದು ದವಡೆಯ ಮೂಲೆಗೆ ಕೂರುತ್ತದೆ.

ಮನೆಯಲ್ಲೇ ಮಾಡಿದ ಜಿಗ್ (ನೀರಿನಲ್ಲಿ ಮೇಲೆ ಕೆಳಗೆ ಕುಣಿಸುವ ಭಾರದ ಹುಸಿ ಎರೆ) ಬಳಸುವವರು ಹೆಚ್ಚಾಗಿ ತಾಮ್ರದ ಕೊಳವೆಗೆ ಸೀಸ ಹುಯ್ಯುತ್ತಾರೆ. ಹೊರವ್ಯಾಸ 15 ಮಿ.ಮೀ., ಒಳವ್ಯಾಸ 13, ಉದ್ದ 20 ಸೆಂ.ಮೀ. ಇದ್ದರೆ ತೂಕ 380 ಗ್ರಾಂ ಬರುತ್ತದೆ. ಕೊಳವೆಯಲ್ಲಿ ತೇವದ ಪಸೆಯಿದ್ದರೂ ಸೀಸ ಸಿಡಿಯುತ್ತದೆ, ಮೊದಲು ಕಾಯಿಸಿ ಒಣಗಿಸಿ. ಹೊಗೆ ಕುಡಿಯದಂತೆ ಬಯಲಿನಲ್ಲಿ ಮಾಡಿ. ಮೂರು ಕೊಕ್ಕಿನ ಗಾಳವನ್ನು ಮಾತ್ರ ತೆಗೆದುಹಾಕಿ ಒಂಟಿ ಗಾಳ ಹಾಕಿ. ಪಕ್ಕದಲ್ಲಿ ತಲೆ ಒದರುವ ಮೀನಿನ ಬಾಯಲ್ಲಿ ಮೂರು ಕೊಕ್ಕುಗಳಲ್ಲಿ ಒಂದು ಸಿಕ್ಕಿ ಎರಡು ಖಾಲಿ ಇರುತ್ತವೆ, ಆ ಎರಡಕ್ಕೆ ಹತ್ತಿರ ಸಿಗುವುದು ನಿಮ್ಮ ಕೈ.

ರೀಲಿನ ಬಿಗುವು, ಅಂದರೆ ದಾರ ಬಿಚ್ಚಿಕೊಳ್ಳಲು ಬೇಕಾದ ಎಳೆತ, 3ರಿಂದ 5 ಕಿಲೋ ಸಾಕು. ಮೀನು ಓಡಿದರೆ ಕಯಾಕೇ ಅದರ ಹಿಂದೆ ತಿರುಗಿ ಸಾಗುತ್ತದೆ. ನೀರಿನಲ್ಲಿ ಕಯಾಕನ್ನು ಎಳೆಯುವುದೇ ಅದಕ್ಕೆ ಸಾಕಷ್ಟು ದಣಿವು. ಗಾಳದ ಕೋಲನ್ನು ಯಾವಾಗಲೂ ಕಯಾಕಿನ ಮೂತಿಯ ಕಡೆಗೆ ಚಾಚಿ ಹಿಡಿಯಿರಿ, ಪಕ್ಕಕ್ಕೆ ಅಲ್ಲ. ಕಚೆಮಾಕ್‌ನಲ್ಲಿ ದೊಡ್ಡ ಅಮಾವಾಸ್ಯೆ–ಹುಣ್ಣಿಮೆಗಳಲ್ಲಿ ನೀರು ಏಳೆಂಟು ಮೀಟರ್ ಏರಿ ಇಳಿಯುತ್ತದೆ. ಆದ್ದರಿಂದ ಉಬ್ಬರ ಇಳಿತಗಳ ನಡುವೆ ನೀರು ನಿಲ್ಲುವ ಹೊತ್ತಿನ ಸುತ್ತಮುತ್ತ ಲಂಗರಿಲ್ಲದೆ ತೇಲುತ್ತ ಹಿಡಿಯಿರಿ. ಸೆಳೆತದಲ್ಲಿ ಲಂಗರು ಹಾಕಿಕೊಂಡ ಕಯಾಕ್‌ಗೆ ದೊಡ್ಡ ಮೀನು ಬಿದ್ದರೆ ಎರಡು ಹಗ್ಗಗಳ ನಡುವೆ ಸಿಕ್ಕಿಕೊಂಡಂತೆ.

ಪಕ್ಕಕ್ಕೆ ಬಂದ ಮೇಲೆ

ಹಾಲಿಬಟ್ ಮೇಲೆ ಬರುವ ರೀತಿ ಮೋಸದ್ದು. ಮೊದಲು ಹಸಿರು ನೀರಿನಲ್ಲಿ ಒಂದು ಮಸುಕು ನೆರಳು, ಆಮೇಲೆ ಬಾಗಿಲಿನ ಹಲಗೆಯಂತೆ ಕಂದುಬಣ್ಣದ ಮೈ, ಎರಡೂ ಕಣ್ಣು ಮೇಲ್ಮುಖ. ಅಲುಗಾಟವೇ ಇಲ್ಲ. ಸೋತಿದೆ ಅನಿಸುತ್ತದೆ. ಸೋತಿರುವುದಿಲ್ಲ. ಮೂತಿ ಗಾಳಿಗೆ ಬಂದ ಕೂಡಲೇ, ಇಲ್ಲವೇ ಕಯಾಕಿನ ನೆರಳು ಕಂಡ ಕೂಡಲೇ ತಲೆ ಒದರಿ ಬಾಲ ಬೀಸಿ ಧುಮುಕುತ್ತದೆ. ಮೊದಲ ಸಲ ಹೀಗೆ ಬಂದಾಗ ಈಟಿಗೆ ಕೈ ಹಾಕಲೇಬೇಡಿ. ಓಡಲು ಬಿಡಿ. ಎರಡು, ಮೂರು ಸಲ ಹೀಗೆ ಹೋಗಿ ಬಂದು, ಓಟ ಗಿಡ್ಡವಾದ ಮೇಲೆ ನೋಡಿ. ಆಗಲೂ ಮೀನಿನ ತಲೆ ನೀರಿನ ಮೇಲ್ಮೈಯಿಂದ ಒಂದಡಿ ಕೆಳಗೇ ಇರಲಿ.

ಈ ಬಿಡುವಿನಲ್ಲೇ ಅಳೆಯಬೇಕು. ಕಯಾಕಿನ ಪಕ್ಕಕ್ಕೆ 100, 120, 150 ಸೆಂ.ಮೀ.ಗೆ ಬಣ್ಣದ ಟೇಪ್ ಅಂಟಿಸಿಟ್ಟರೆ ಒಂದು ನೋಟಕ್ಕೆ ಗೊತ್ತಾಗುತ್ತದೆ. ಬಿಡುವ ಮೀನಿಗೆ ಈಟಿಯೂ ಇಲ್ಲ, ಕೈಕೊಕ್ಕೆಯೂ ಇಲ್ಲ. ಗಾಳ ಬಿಡಿಸಿ, ಆಗದಿದ್ದರೆ ಬಾಯಿಯ ಹತ್ತಿರ ದಾರ ಕತ್ತರಿಸಿ. ಗಾಳಿಚೀಲ ಇಲ್ಲದ್ದರಿಂದ ಅದು ನೇರ ತಳಕ್ಕೆ ಹೋಗಿ ಬದುಕುತ್ತದೆ. ಒಂದೂವರೆ ಮೀಟರಿನ ಮೀನು ಎಂದರೆ ಬಹುತೇಕ ಖಂಡಿತ ಹೆಣ್ಣು, ಗಂಡುಗಳು ಅಷ್ಟು ಬೆಳೆಯುವುದು ಅಪರೂಪ. ಒಬ್ಬರೇ ಹೋಗಿದ್ದೀರಿ, ಗಾಳಿ ಎದ್ದಿದೆ, ದಡ ಎರಡು ಕಿಲೋಮೀಟರ್ ಮೀರಿದೆ ಎಂದಾದರೆ ಅಂಥದ್ದನ್ನು ಬಿಡುವುದೇ ಲೇಸು. ತಿನ್ನಲೂ ಹತ್ತು–ಇಪ್ಪತ್ತು ಕಿಲೋದ ಮೀನಿನ ಮಾಂಸವೇ ಮೃದು.

ಹಿಡಿಯುವುದೆಂದು ನಿರ್ಧರಿಸಿದರೆ: ಗಾಳದ ಕೋಲನ್ನು ಹೋಲ್ಡರಿಗೆ ಸಿಕ್ಕಿಸಿ ರೀಲಿನ ಬಿಗುವನ್ನು ಅರ್ಧಕ್ಕೆ ಇಳಿಸಿ. ಈಟಿಯ ಮುಚ್ಚಳ ತೆಗೆಯಿರಿ. ಈಟಿಯನ್ನು ಎಸೆಯಬೇಡಿ, ಮೊನೆಯನ್ನು ಮೀನಿನಿಂದ ಒಂದು ಗೇಣು ಮೇಲಕ್ಕೆ ತಂದು, ಎರಡೂ ಕೈಯಲ್ಲಿ ಹಿಡಿದು, ಒಂದೇ ಉಸಿರಿಗೆ ಕೆಳಕ್ಕೆ ತಳ್ಳಿ. ಗುರಿ ಎಲ್ಲಿಗೆ? ಕಿವಿರಿನ ಮುಚ್ಚಳದಿಂದ ಒಂದು ಅಂಗೈಯಗಲ ಹಿಂದೆ, ಮೈಯ ನಡುಗೆರೆಗೂ ಬೆನ್ನಿನ ರೆಕ್ಕೆಗೂ ಮಧ್ಯದ ದಪ್ಪ ಭಾಗಕ್ಕೆ. ನಡುಗೆರೆಯ ಕೆಳಗೇ ಬೆನ್ನುಮೂಳೆ ಇದೆ. ಅದಕ್ಕೆ ಬಡಿದರೆ ಮೊನೆ ನಿಲ್ಲುತ್ತದೆ, ಆಚೆ ದಾಟದ ತಲೆ ತಿರುಗುವುದಿಲ್ಲ. ಹೊಟ್ಟೆಗೆ ಬಿದ್ದರೆ ಮೆತ್ತಗಿನ ಜಾಗ ಹರಿದುಕೊಂಡು ಬರುತ್ತದೆ. ನೀರಿನಲ್ಲಿ ಮೀನು ಇರುವುದಕ್ಕಿಂತ ಮೇಲೆ ಕಾಣುತ್ತದೆ, ಓರೆಯಾಗಿ ನೋಡಿದಷ್ಟೂ ಹೆಚ್ಚು. ಮೊನೆಯನ್ನು ನೀರಿನೊಳಗೆ ಅದ್ದಿಯೇ ಗುರಿ ಹಿಡಿದರೆ ಈ ತಪ್ಪು ಆಗುವುದಿಲ್ಲ.

ಚುಚ್ಚಿದ ತಕ್ಷಣ ಈಟಿಯ ಕೋಲನ್ನು ಹಿಂದಕ್ಕೆಳೆದುಕೊಳ್ಳಿ, ಬಾರದಿದ್ದರೆ ಬಿಟ್ಟುಬಿಡಿ, ತೇಲುತ್ತದೆ. ಬುರುಡೆಯನ್ನು ನೀರಿಗೆ ನೂಕಿ. ಮೈಯನ್ನು ಮಧ್ಯಕ್ಕೆ ತಂದು ಕೂರಿ. ಮುಂದಿನ ಐದು ಸೆಕೆಂಡು ನೀರು ಕುದಿಯುತ್ತದೆ, ಆ ಐದು ಸೆಕೆಂಡು ನಿಮ್ಮ ಎರಡೂ ಕೈ ಖಾಲಿ ಇರಬೇಕು. ಬುರುಡೆ ಮುಳುಗಬಹುದು, ಗಾಬರಿ ಬೇಡ, ಮೇಲೆ ಬರುತ್ತದೆ. ಹುಟ್ಟು ಹಾಕುತ್ತ ದೂರದಿಂದ ಹಿಂಬಾಲಿಸಿ. ಬುರುಡೆಯನ್ನು ಕಯಾಕಿಗೆ ಕಟ್ಟಲೇಬೇಕೆನಿಸಿದರೆ ಪ್ರತ್ಯೇಕ ಹಗ್ಗದಿಂದ, ಮೂತಿ ಅಥವಾ ಹಿಂತುದಿಗೆ ಮಾತ್ರ, ಒಂದೇ ಎಳೆತಕ್ಕೆ ಬಿಡುವ ಕೊಂಡಿಯಲ್ಲಿ. ತುದಿಯಿಂದ ಎಳೆದರೆ ಕಯಾಕ್ ಸಾಗುತ್ತದೆ, ನಡುವಿನಿಂದ ಎಳೆದರೆ ಮಗುಚುತ್ತದೆ.

ಬುರುಡೆ ಐದು ನಿಮಿಷ ಅಲುಗದೆ ನಿಂತ ಮೇಲೆ ಹತ್ತಿರ ಹೋಗಿ ಹಗ್ಗವನ್ನು ಕೈಯಿಂದ ಎತ್ತಿ. ಕೈಗೆ ಹಗ್ಗ ಸುತ್ತಿಕೊಳ್ಳುವ ಚಾಳಿ ಇದ್ದರೆ ಇವತ್ತೇ ಬಿಡಿ. ಮೀನಿನ ತಲೆ ಪಕ್ಕಕ್ಕೆ ಬಂದಾಗ ಉದ್ದ ಅಲಗಿನ ಚಾಕುವಿನಿಂದ ಕಿವಿರಿನ ಕಮಾನುಗಳನ್ನು ಗಂಟಲಿನ ಕಡೆಯಿಂದ ಕಡಿಯಿರಿ. ರಕ್ತ ದಟ್ಟವಾಗಿ ಬರಬೇಕು. ನೂಲಿನಂತೆ ಬಂದರೆ ಕಡಿತ ಸಾಲದು. ಮತ್ತೆ ಬುರುಡೆಗೆ ಬಿಟ್ಟು ಹತ್ತು–ಹದಿನೈದು ನಿಮಿಷ ಕಾಯಿರಿ. ದೋಣಿಯವರು ದೊಣ್ಣೆಯಿಂದ ತಲೆಗೆ ಹೊಡೆಯುತ್ತಾರೆ. ಕಯಾಕಿನಲ್ಲಿ ಬೀಸಿ ಹೊಡೆದರೆ ಮೀನಿಗಿಂತ ಮೊದಲು ನೀವು ನೀರಿಗೆ ಬೀಳುತ್ತೀರಿ. ಬಂದೂಕಿನ ಮಾತಂತೂ ಕಯಾಕಿನಲ್ಲಿ ಎತ್ತಲೇಬಾರದು, ನೀರಿಗೆ ತಾಗಿದ ಗುಂಡು ಎತ್ತ ಚಿಮ್ಮುತ್ತದೋ ಹೇಳಲಾಗದು.

ಸತ್ತಿದೆ ಎಂದು ಖಾತ್ರಿ ಮಾಡಿಕೊಳ್ಳಲು ಹುಟ್ಟಿನ ಹಿಡಿಯಿಂದ ಬಾಲದ ಬುಡವನ್ನು ಬಲವಾಗಿ ಒತ್ತಿ. ಮಿಡುಕಿದರೆ ಇನ್ನೂ ಕಾಯಿರಿ. ನಂತರ ಬಾಲದ ಸಣ್ಣ ಭಾಗಕ್ಕೆ ಕುಣಿಕೆ. ಈ ಕುಣಿಕೆಯನ್ನು ಮೊದಲೇ ಮಾಡಿಟ್ಟುಕೊಳ್ಳಿ: 8 ಮಿ.ಮೀ. ಹಗ್ಗ ಎರಡು ಮೀಟರ್, ಒಂದು ತುದಿಯಲ್ಲಿ ಕಣ್ಣು, ಕುಣಿಕೆಯ ಭಾಗಕ್ಕೆ ಪ್ಲಾಸ್ಟಿಕ್ ಕೊಳವೆಯ ತೊಡುಗೆ. ಕೊಳವೆ ಇದ್ದರೆ ಕುಣಿಕೆ ನೀರಿನಲ್ಲಿ ಬಾಯಿ ತೆರೆದೇ ನಿಲ್ಲುತ್ತದೆ.

ದಡಕ್ಕೆ

ಇಷ್ಟು ತೂಕವನ್ನು ಕಯಾಕಿನ ಮೇಲೆ ಹೇರಬೇಡಿ. 15 ಕಿಲೋವರೆಗೆ ಕಾಲಿನ ಮಧ್ಯೆ ತಗ್ಗಿನಲ್ಲಿ ಕೂರಿಸಬಹುದು. ಅದಕ್ಕಿಂತ ಹೆಚ್ಚಿನದು ಹಿಂದಿನ ಡೆಕ್ಕಿನ ಮೇಲೆ ಎತ್ತರದಲ್ಲಿ ಕೂತರೆ ಪ್ರತಿ ಅಲೆಗೂ ಕಯಾಕ್ ಓಲಾಡುತ್ತದೆ, ಜಾರುವ ಮೀನು ಓಲಾಟವನ್ನು ಹೆಚ್ಚಿಸುತ್ತದೆ. ಎಳೆದುಕೊಂಡೇ ಹೋಗಿ. ಕಿವಿರಿನಿಂದ ಬಾಯಿಗೆ ಹಗ್ಗ ತೂರಿಸಿ ದವಡೆ ಮುಚ್ಚುವಂತೆ ಒಂದು ಸುತ್ತು ಹಾಕಿ, ತಲೆ ಮುಂದಾಗಿ ಹಿಂತುದಿಯಿಂದ ಎರಡು–ಮೂರು ಮೀಟರ್ ಹಿಂದೆ. ಬಾಯಿ ತೆರೆದಿದ್ದರೆ ಬಕೆಟ್ ಎಳೆದಂತೆ. ಬುರುಡೆ ಮೀನಿನ ಮೇಲೇ ಇರಲಿ. ವೇಗ ಅರ್ಧಕ್ಕರ್ಧ ಇಳಿಯುತ್ತದೆ ಎಂದಿಟ್ಟುಕೊಂಡೇ ಸೆಳೆತದ ಲೆಕ್ಕ ಹಾಕಿ. ಎದುರು ಸೆಳೆತದಲ್ಲಿ ಈ ಭಾರದೊಂದಿಗೆ ನೀವು ನಿಂತಲ್ಲೇ ನಿಲ್ಲುತ್ತೀರಿ. ಕಡಲಸಿಂಹ ಬಂದು ಮೀನಿಗೆ ಬಾಯಿ ಹಾಕಿದರೆ ಕೊಂಡಿ ಬಿಚ್ಚಿ. ಅದರೊಂದಿಗೆ ಹಗ್ಗಜಗ್ಗಾಟ ಬೇಡ. ದಡದಲ್ಲಿ ಕರಡಿಗಳಿರುವ ನಾಡು ಅದು, ಆದ್ದರಿಂದ ಕರುಳು–ಮೂಳೆಗಳನ್ನು ಗುಡಾರದ ಹತ್ತಿರ ಬಿಡಬೇಡಿ.

ನೀರಿನಲ್ಲೇ ಮೀನನ್ನು ಕತ್ತರಿಸಿ ಹಗುರ ಮಾಡಿಕೊಳ್ಳೋಣ ಅಂದರೆ ಕಾನೂನು ಅಡ್ಡ ಬರುತ್ತದೆ. ಅಲಾಸ್ಕಾದ ನೀರಿನಲ್ಲಿ ಹಾಲಿಬಟ್ಟನ್ನು ದೋಣಿಯ ಮೇಲೆ ಸಣ್ಣ ಹೋಳು ಮಾಡುವಂತಿಲ್ಲ. ಹೆಚ್ಚೆಂದರೆ ಬೆನ್ನಿನ ಎರಡು ತುಂಡು, ಹೊಟ್ಟೆಯ ಎರಡು, ಕೆನ್ನೆಯ ಎರಡು, ಎಲ್ಲದರ ಮೇಲೂ ಚರ್ಮ ಇರಬೇಕು. ಗಾಳದ ಸಾಧನಕ್ಕೂ ಮಿತಿಯಿದೆ: ಒಂದು ದಾರ, ಎರಡು ಗಾಳ. ಋತು, ದಿನಕ್ಕೆ ಹಿಡಿಯಬಹುದಾದ ಮೀನಿನ ಸಂಖ್ಯೆ, ಅಳತೆಗಳನ್ನು ಅಂತರರಾಷ್ಟ್ರೀಯ ಪೆಸಿಫಿಕ್ ಹಾಲಿಬಟ್ ಆಯೋಗ ಮತ್ತು ಆಯಾ ದೇಶದ ಇಲಾಖೆಗಳು ವರ್ಷಕ್ಕೊಮ್ಮೆ ನೋಡುತ್ತವೆ. ಅಮೆರಿಕ, ಕೆನಡಾ ಸೇರಿ 1923ರಲ್ಲಿ ಕಟ್ಟಿದ ಆಯೋಗ ಅದು. ಗಡಿಯಾಚೆ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಗರಿಷ್ಠ ಉದ್ದದ ಮಿತಿಯೂ ಇದೆ, ಅಲ್ಲಿ ನಿಮ್ಮ ನಾಲ್ಕೂವರೆ ಅಡಿಯ ಮೀನನ್ನು ಇಟ್ಟುಕೊಳ್ಳುವುದೇ ತಪ್ಪಾಗಬಹುದು. ಹೊರಡುವ ಮುನ್ನ ಆ ವರ್ಷದ ನಿಯಮ ಓದಿ.

ಆ ತೀರದ ಮೂಲನಿವಾಸಿಗಳಾದ ಟ್ಲಿಂಗಿಟ್, ಹೈಡಾ ಜನರ ಹಳೆಯ ಮರದ ಗಾಳವನ್ನು ಎಲ್ಲಾದರೂ ವಸ್ತುಸಂಗ್ರಹಾಲಯದಲ್ಲಿ ಕಂಡರೆ ನಿಂತು ನೋಡಿ. ಎರಡು ಬೇರೆ ಮರದ ತೋಳುಗಳನ್ನು ಬೇರು–ನಾರಿನಿಂದ ಬಿಗಿದು, ಒಂದಕ್ಕೆ ಮೂಳೆಯ ಮುಳ್ಳು ಕಟ್ಟಿದ್ದು. ತೋಳುಗಳ ನಡುವಿನ ಅಂತರವೇ ತೀರಾ ಸಣ್ಣ ಬಾಯನ್ನೂ ತೀರಾ ದೊಡ್ಡ ಬಾಯನ್ನೂ ಹೊರಗಿಡುತ್ತದೆ. ಸಣ್ಣ ದೋಣಿಗೆ ಎತ್ತಲಾಗದ ಮೀನು ಕಚ್ಚದಂತೆ ಗಾಳದಲ್ಲೇ ಏರ್ಪಾಟು.

ಕೊನೆಯದಾಗಿ ಮೈಮೇಲಿನದು. ಬೇಸಿಗೆಯಲ್ಲೂ ಅಲ್ಲಿನ ನೀರು 10 ಡಿಗ್ರಿಯ ಆಸುಪಾಸು. ನೀರು ಒಳಗಿಳಿಯದ ಡ್ರೈ ಸೂಟ್, ಸಹಾಯ ಕರೆಯಲು ಎದೆಗೆ ಕಟ್ಟಿದ ವಿಎಚ್‌ಎಫ್ ರೇಡಿಯೋ, ಜೊತೆಗೆ ಇನ್ನೊಂದು ಕಯಾಕ್. ಈಟಿ, ಬುರುಡೆ, ಹಗ್ಗದ ಚೀಲ ಎಲ್ಲವನ್ನೂ ಹೇರಿಕೊಂಡು ಮೊಣಕಾಲು ಮಟ್ಟದ ನೀರಿನಲ್ಲಿ, ಮುಚ್ಚಳ ಹಾಕಿದ ಮೊನೆಯೊಂದಿಗೆ, ಬೇಕೆಂದೇ ಒಮ್ಮೆ ಮಗುಚಿ ಮತ್ತೆ ಹತ್ತಿ ನೋಡಿ. ಯಾವ ಹಗ್ಗ ಕಾಲಿಗೆ ಸುತ್ತಿತು, ಯಾವ ಕೊಂಡಿ ಜಾಕೆಟ್ಟಿಗೆ ಸಿಕ್ಕಿಕೊಂಡಿತು ಎಂಬುದು ಅಲ್ಲೇ ಗೊತ್ತಾಗುತ್ತದೆ. ಆ ಹಗ್ಗವನ್ನು ಗಿಡ್ಡ ಮಾಡಿ, ಆ ಕೊಂಡಿಯನ್ನು ಬೇರೆ ಕಡೆ ಹಾಕಿ, ಮತ್ತೊಮ್ಮೆ ಮಗುಚಿ ನೋಡಿ.